ಸವತಿಯ ರವಿಕೆ

ಮದುವೆಯಾಗಿ ಬಂದ ವಾರದಲ್ಲೇ ಮಂದಾಕಿನಿಗೆ ಬೀರುವಿನಲ್ಲಿ ಗಂಡನ ತೀರಿಹೋದ ಮೊದಲ ಹೆಂಡತಿಯ ರೇಷ್ಮೆ ರವಿಕೆ ಸಿಕ್ಕಿತು. ತೊಟ್ಟು ನೋಡಹೋದರೆ ತೋಳು ಮೊಣಕೈಯಲ್ಲೇ ಸಿಕ್ಕಿಕೊಂಡಿತು. ಅಷ್ಟು ಬಳುಕುವ ಮೈಯವಳನ್ನು ಅವನು ಮರೆತಾನೆಯೇ? ಕತೆಗಳಲ್ಲಾದರೆ ಸವತಿಯನ್ನು ಕಾಡಿಗೆ ಅಟ್ಟಬಹುದು. ಹಾರ ಹಾಕಿಸಿಕೊಂಡು ಗೋಡೆಯ ಮೇಲೆ ಮುಖವಷ್ಟೇ ತೋರಿಸಿ ನಗುವವಳನ್ನು ಎಲ್ಲಿಗೆ ಅಟ್ಟುವುದು? ಈ ರವಿಕೆ ತೊಟ್ಟು ಅವನೆದುರು ನಿಲ್ಲುವವರೆಗೂ ಈ ಮನೆ ತನ್ನದಲ್ಲ ಎಂದುಕೊಂಡು ಅವಳು ಊಟ ಬಿಟ್ಟಳು.

"ತೂಕ ಇಳಿಸ್ಬೇಕಾ, ಇಳಿಸು. ಆದ್ರೆ ತಿಂಗಳಿಗೆ ಎರಡು ಕಿಲೋ ಸಾಕು. ಮುದ್ದೆ ತಿನ್ನು, ಸೊಪ್ಪು ತಿನ್ನು, ಬೆಳಿಗ್ಗೆ ನನ್ ಜೊತೆ ನಡಿ," ಎಂದು ಗಂಡ ತಟ್ಟೆ ಮುಂದಿಟ್ಟ. ಅವಳು ಕೊನೆಯ ತುತ್ತು ನುಂಗುವವರೆಗೂ ಅವನು ಕದಲಲಿಲ್ಲ.

ಬೆಳಿಗ್ಗೆ ವಾಕಿಂಗ್ ಹೋಗುವಾಗ, ಆ ಮೊದಲನೆಯವಳ ಜೊತೆಗೂ ಅವನು ಹೀಗೇ ಹೆಜ್ಜೆ ಹಾಕಿರಬೇಕು ಎಂದು ಮಂದಾಕಿನಿಗೆ ಹೆಜ್ಜೆಹೆಜ್ಜೆಗೂ ಹೊಟ್ಟೆ ಉರಿಯುತ್ತಿತ್ತು. ನಾಲ್ಕು ತಿಂಗಳಿಗೆ ಎಂಟು ಕಿಲೋ ಇಳಿಯಿತು. ರವಿಕೆಯ ತೋಳು ಮೊಣಕೈ ದಾಟಿ, ಅಲ್ಲೇ ನಿಂತುಬಿಟ್ಟಿತು.

ಅವಳು ಹಾಗೆಯೇ ಅವನೆದುರು ಬಂದು ನಿಂತಳು. "ಬೇಕಂತ್ಲೇ ತಿನ್ನಿಸ್ತೀರಿ! ನಾನು ಅವ್ರಷ್ಟು ತೆಳ್ಳಗಾಗೋದು ನಿಮಗೆ ಬೇಕಿಲ್ಲ. ಅವ್ರ ಜಾಗದಲ್ಲಿ ಇನ್ನೊಬ್ಳು ನಿಂತ್ರೆ ಸಹಿಸೋಕಾಗಲ್ಲ, ಅಲ್ವಾ?"

ಅವನು ಅವಳ ಹತ್ತಿರ ಬಂದ.

"ಹೇಳ್ರೀ, ಇದನ್ನ ತೊಟ್ಟಾಗ ಅವ್ರು ಹೇಗೆ ಕಾಣ್ತಿದ್ರು?"

ಅವನು ಅವಳ ತೋಳಿನಿಂದ ರವಿಕೆಯನ್ನು ಮೆಲ್ಲಗೆ ಬಿಡಿಸಿಕೊಂಡ.

"ತೊಡ್ಲೇ ಇಲ್ಲ ಮಂದಾ. ತಮ್ಮನ ಮದುವೆಗೆ ಅಂತ ಸಣ್ಣದಾಗಿ ಹೊಲಿಸ್ಕೊಂಡು, ಅದು ಮೈಗೆ ಹಿಡಿಸೋವರೆಗೂ ಊಟ ಮುಟ್ಟಲ್ಲ ಅಂತ ಕೂತ್ಲು. ಮದುವೆಗೆ ನಾಲ್ಕು ದಿನ ಇರೋವಾಗ ಬಚ್ಚಲಲ್ಲಿ ಬಿದ್ದೋಳು ಏಳ್ಲೇ ಇಲ್ಲ."