ಲಿವರ್ ಇಲ್ಲದ್ದು

ಹುಣಸೂರಿನ ರೇಡಿಯೊ ಅಂಗಡಿಯಲ್ಲಿ ಸತ್ತಾರ್ ಸಾಬರು ದೇವೀರಮ್ಮನಿಗೆ ಸ್ಟೂಲು ಒರೆಸಿಕೊಟ್ಟು, ಬೆಂಗಳೂರಿನಿಂದ ತರಿಸಿದ್ದ ಎರಡು ದುಬಾರಿ ಟೋನ್‌ಆರ್ಮ್‌ಗಳನ್ನು ಗಾಜಿನ ಮೇಲಿಟ್ಟರು. ರೆಕಾರ್ಡ್ ಪ್ಲೇಯರಿನಲ್ಲಿ ಮುಳ್ಳು ಹಿಡಿಯುವ ತೋಳುಗಳು ಅವು. "ಇದಕ್ಕೆ ಲಿವರ್ ಇದೆ ಕಣಮ್ಮ, ಮುಳ್ಳು ತಾನೇ ಮೆತ್ತಗೆ ಇಳೀತದೆ. ಅದಕ್ಕಿಲ್ಲ, ಕೈಯಲ್ಲೇ ಇಡ್ಬೇಕು. ಸ್ವಲ್ಪ ನಡುಗಿದ್ರೂ ಪ್ಲೇಟು ಗೀಚೋಗ್ತದೆ."

ಜೊತೆಗೆ ಬಂದಿದ್ದ ಅಣ್ಣ ಚಿಕ್ಕಣ್ಣ ನಡುಗುವ ಬೆರಳಿನಿಂದ ಲಿವರ್ ಒತ್ತಿದ. ತೋಳು ಹಗುರವಾಗಿ ಇಳಿಯಿತು. ಅವನ ಮುಖ ಅರಳಿತು. "ಇದೇ ತಗೊಳವ್ವ. ದಿನಾ ಸಂಜೆ ನಿನ್ ಮನೇಗ್ ಬಂದು ನಾನೇ ಪ್ಲೇಟ್ ಆಕ್ತೀನಿ."

ಚಿಕ್ಕಂದಿನಲ್ಲಿ ಹನಗೋಡಿನ ತವರಿನಲ್ಲಿ ಅಪ್ಪನ ಪ್ಲೇಯರ್ ಮುಟ್ಟಲು ಹೋದಾಗಲೆಲ್ಲ ಅವಳಿಗೆ ಹೊಡೆದದ್ದು ಇದೇ ಕೈ. "ಎಣ್ಮಕ್ಳ ಕೈ ಭಾರ ಕಣೆ, ದೂರ ನಿಂತ್ಕೊ" ಎನ್ನುತ್ತಿದ್ದ. ಅಪ್ಪ ಸಾಯುವಾಗ ಅದನ್ನು ಅವಳಿಗೇ ಬಿಟ್ಟುಹೋದಾಗ, ಅಣ್ಣ ಅದರ ತೋಳು ಮುರಿದು ಕಳಿಸಿದ್ದ.

ದೇವೀರಮ್ಮ ಲಿವರ್ ಇದ್ದುದನ್ನು ಮೆಲ್ಲಗೆ ಹಿಂದಕ್ಕೆ ತಳ್ಳಿ, "ಇನ್ನೊಂದು ಕೊಡಿ ಸಾಬ್ರೆ" ಎಂದಳು. ಆಮೇಲೆ ಎದ್ದು, ತನ್ನ ಸ್ಟೂಲನ್ನು ಅಣ್ಣನಿಗೆ ಬಿಟ್ಟುಕೊಟ್ಟಳು.

"ದಿನಾ ಬಾರಣ್ಣ, ಕಾಫಿನೂ ಕೊಡ್ತೀನಿ. ದೂರ ಕುಂತ್ಕೊಂಡು ಕೇಳುವಂತೆ."