ಸತ್ತ ಮೊಬೈಲು

ಮಗಳ ಶಾಲೆಯಲ್ಲಿ ಇ-ತ್ಯಾಜ್ಯ ಸಪ್ತಾಹ. ಮಕ್ಕಳೆಲ್ಲ ಕೆಟ್ಟುಹೋದ ಒಂದೊಂದು ಮೊಬೈಲ್ ತಂದೊಪ್ಪಿಸಬೇಕು, ತರದಿದ್ದರೆ ಪ್ರಾಜೆಕ್ಟಿಗೆ ಅಂಕವಿಲ್ಲ. ಉಳಿದವರೆಲ್ಲ ಆಗಲೇ ಕೊಟ್ಟಾಗಿತ್ತು. ಇವರ ಮನೆಯ ಫೋನುಗಳು ಮಾತ್ರ ಗಟ್ಟಿಮುಟ್ಟಾಗಿದ್ದವು, ಮಗಳು ಬೆಳಗಿನಿಂದ ಅಳುತ್ತಿದ್ದಳು. ಕೊನೆಗೆ ತಾಯಿ ಸೆರಗಿನಿಂದ ಮೂಗು ಮುಚ್ಚಿಕೊಂಡು ಗುಜರಿ ಅಂಗಡಿಗೆ ಬಂದಳು.

"ಸತ್ತದ್ದೊಂದು ಮೊಬೈಲ್ ಕೊಡಪಾ."

"ಸತ್ತದ್ದು ತಗೊಂಡು ಏನ್ ಮಾಡ್ತೀರಿ ಅಕ್ಕಾರ?"

"ಸಾಲಿಗೆ ಕೊಡಾಕ. ಅವ್ರು ಸರ್ಕಾರದ ಲೈಸೆನ್ಸ್ ಇದ್ದ ಕಂಪನಿಗೆ ಕಳಸ್ತಾರ. ನಿಮ್ಮಂಗ ಬ್ಯಾಟರಿ ಒಡದು, ವಯರ್ ಸುಟ್ಟು, ಓಣಿ ಮಂದಿಗೆಲ್ಲ ಹೊಗಿ ಕುಡಸಂಗಿಲ್ಲ."

"ಖರೇ ಐತ್ರಿ. ನಾವೆಲ್ಲಿ ಓದೇವಿ."

"ಓದಿದ್ರ ಈ ತಿಪ್ಯಾಗ ಯಾಕ ಕುಂಡರ್ತಿದ್ದಿ? ನಿಮ್ಮಂಥಾವ್ರ ಕೈಯಾಗ ಒಂದ ಫೋನೂ ಸಿಗಬಾರದು ಅಂತ ಪಾಲಕರ ಸಭಾದಾಗ ಒತ್ತಿ ಹೇಳ್ಯಾರ."

ಅಂಗಡಿಯವನು ಚೀಲವೊಂದನ್ನು ನೆಲಕ್ಕೆ ಸುರಿದ. ಅವಳು ಎರಡೇ ಬೆರಳಿನಿಂದ ಕೆದಕಿ, ಗುಲಾಬಿ ಬಣ್ಣದ ಕವರಿದ್ದ ಒಂದನ್ನು ಎತ್ತಿಕೊಂಡಳು.

"ಇದು ಚಂದ ಐತಿ. ಎಷ್ಟು?"

"ಅದಿರ್ಲಿ, ಯಾವ ಸಾಲಿ ಅಂದ್ರಿ?"

ಅವಳು ಊರಿನ ದೊಡ್ಡ ಶಾಲೆಯ ಹೆಸರನ್ನು, ನಿನಗೇನು ಗೊತ್ತಾದೀತು ಎಂಬ ದನಿಯಲ್ಲಿ, ಬಿಡಿಸಿ ಬಿಡಿಸಿ ಹೇಳಿದಳು.

ಅವನು ಫೋನನ್ನು ಅವಳ ಕೈಯಿಂದ ಮೆತ್ತಗೆ ತೆಗೆದುಕೊಂಡು ಮತ್ತೆ ಚೀಲಕ್ಕೆ ಹಾಕಿದ.

"ಹಂಗಾರ ಈ ಚೀಲದ್ದು ಬ್ಯಾಡ್ರಿ ಅಕ್ಕಾರ, ಬ್ಯಾರೆ ಚೀಲ ತಗೀತೀನಿ. ಇವು ನಿನ್ನೆ ನಿಮ್ಮ ಸಾಲಿಯವ್ರೇ ನನಗ ಮಾರಿ ಹೋಗಿದ್ದು, ಗುರ್ತ ಹಿಡದಾರು."