ಹದಿನೈದು ದಿನ ಬಿಟ್ಟು ಬನ್ನಿ

ಮುದುಕಿ ಮತ್ತೆ ಬಂದಿದ್ದಳು.

ಸಾಹೇಬರು ಕುರ್ಚಿಯಲ್ಲಿ ನೆಟ್ಟಗಾದರು. ಇಪ್ಪತ್ತು ಜನರ ಗುಂಪು ಬಾಗಿಲಲ್ಲಿ ಕೊಟ್ಟ ಬಟ್ಟೆಯ ಚಪ್ಪಲಿಗಳನ್ನು ಎಳೆಯುತ್ತ ಕನ್ನಡಿ ಕೋಣೆಯಿಂದ ಈ ಕಡೆ ಬರುತ್ತಿತ್ತು. ಎಲ್ಲರ ಕಣ್ಣೂ ಚಾವಣಿಯ ಗಿಲೀಟು ಹೂಗಳ ಮೇಲೆ. ಅವಳ ಕಣ್ಣು ಮಾತ್ರ ನೇರ ಸಾಹೇಬರ ಮೇಲೆ. ಅದೇ ಬೂದು ಶಾಲು, ಕೈಯಲ್ಲಿ ಅದೇ ಮಡಿಸಿದ ಕಾಗದ.

ಸರ್ಕಾರಿ ಸೌಧದ ಮುಂಭಾಗದ ಮೂರು ಸ್ವಾಗತ ಕೋಣೆಗಳನ್ನು ನೋಡಲು ದಿನವೂ ಜನ ಬರುತ್ತಿದ್ದರು. ನೀಲಿ ಕೋಣೆಯಲ್ಲಿ ರಾಯಭಾರಿಗಳು ಕೂರುತ್ತಿದ್ದರಂತೆ. ಕನ್ನಡಿ ಕೋಣೆಯಲ್ಲಿ ಔತಣಕ್ಕೆ ಮುಂಚೆ ಹೆಂಗಸರು ಒಡವೆ ಸರಿಮಾಡಿಕೊಳ್ಳುತ್ತಿದ್ದರಂತೆ. ಮೂರನೆಯದು ಅರ್ಜಿಯ ಕೋಣೆ. ಸಾಹೇಬರ ಮೇಜು ಅಲ್ಲಿ. ಮೇಜೋ, ಮಂಚದಷ್ಟು ಅಗಲ! ಅದರ ಮೇಲೊಂದು ಹಿತ್ತಾಳೆಯ ಮೊಹರು, ಯಾವ ಕಾಲದಲ್ಲೋ ಒಣಗಿದ ಮಸಿಕುಡಿಕೆ, ಯಾರೂ ಬಿಚ್ಚದ ಕಡತಗಳ ಕಟ್ಟು. ಜನ ಮೃಗಾಲಯದ ಕರಡಿಯನ್ನು ನೋಡಿದಂತೆ ಸಾಹೇಬರನ್ನು ನೋಡಿ, ಫೋಟೊ ಹೊಡೆದುಕೊಂಡು ಹೋಗುತ್ತಿದ್ದರು. ಮೀಸೆಯ ಕೆಳಗೆ ಬೆವರು ಇಳಿಯುತ್ತಿದ್ದರೂ ಒರೆಸಿಕೊಳ್ಳುವಂತಿರಲಿಲ್ಲ. ಹೊಟ್ಟೆಪಾಡು, ಏನು ಮಾಡುವುದು?

ಆ ಕೋಣೆಯ ಪದ್ಧತಿ ಸರಳ. ಯಾರು ಏನು ಕಾಗದ ಕೊಟ್ಟರೂ ಓದಬೇಕಿಲ್ಲ. ಮೊಹರು ಒತ್ತಬೇಕು, ವಾಪಸು ಕೊಡಬೇಕು, “ಹದಿನೈದು ದಿನ ಬಿಟ್ಟು ಬನ್ನಿ” ಎನ್ನಬೇಕು. ಮೇಲಿನವರು ಗೊತ್ತುಮಾಡಿದ ಮಾತಿಗಿಂತ ಒಂದಕ್ಷರ ಹೆಚ್ಚಿಗೆ ಆಡಿದರೆ ನಡಿ ಮನೆಗೆ. ಹಿಂದೊಮ್ಮೆ ಯಾರಿಗೋ ಶೌಚಾಲಯದ ದಾರಿ ತೋರಿಸಿದ್ದಕ್ಕೇ ಸಾಹೇಬರಿಗೆ ಎಚ್ಚರಿಕೆಯ ಪತ್ರ ಬಂದಿತ್ತು.

ತಿಂಗಳ ಹಿಂದೆ ಮೊದಲ ಸಲ ಬಂದಾಗ ಮುದುಕಿ ಕೈಮುಗಿದು ಹೇಳಿದ್ದಳು.

“ಸ್ವಾಮಿ, ನನ್ ಮಗ ಜೈಲಲ್ಲಿದಾನೆ. ಹೊಟ್ಟೇಲಿ ಗಡ್ಡೆ. ಹೊರಗಿನ ಆಸ್ಪತ್ರೆಗೆ ಕಳಿಸೋಕೆ ಇಲ್ಲಿಂದ ಒಂದು ಸಹಿ ಬೇಕಂತೆ. ನಂಗೆ ಓದು ಬರಲ್ಲ, ಬರೆಸ್ಕೊಂಡು ಬಂದಿದೀನಿ. ಪಾಸಿಲ್ದೆ ಬಿಡಲ್ಲ ಅಂತ ಗೇಟಲ್ಲಿ ತಳ್ಳಿದ್ರು. ಟಿಕೆಟ್ ತಗೊಂಡ್ರೆ ಬಿಡ್ತಾರೆ ಅಂತ ಯಾರೋ ಪುಣ್ಯಾತ್ಮರು ಹೇಳಿದ್ರು.”

ಹಿಂದೆ ನಿಂತವರಲ್ಲಿ ಯಾರೋ ಕಿಸಕ್ಕೆಂದರು. ಗೈಡಮ್ಮ ಗಡಿಯಾರ ನೋಡಿದಳು. ಸಾಹೇಬರು ಎದ್ದು ನಿಂತು, “ಕೂತ್ಕೊಳ್ಳಿ ಅಮ್ಮ” ಎಂದರು. ಅಷ್ಟಕ್ಕೆ ಅವಕಾಶವಿತ್ತು. ಮೊಹರು ಒತ್ತಿದರು. ಹದಿನೈದು ದಿನ ಬಿಟ್ಟು ಬನ್ನಿ ಎಂದರು.

ಸರಿಯಾಗಿ ಹದಿನೈದನೆಯ ದಿನ ಬಂದಳು. “ಇನ್ನೂ ಆರ್ಡರ್ ಬಂದಿಲ್ಲ ಸ್ವಾಮಿ. ಅವ್ನು ಒಂದು ತುತ್ತೂ ತಿಂತಿಲ್ಲ.” ಹೇಳಬೇಕಾದ ಮಾತು ಸಾಹೇಬರ ನಾಲಗೆಯ ತುದಿಗೆ ಬಂತು. ಗೈಡಮ್ಮ ಕೆಮ್ಮಿದಳು. ಮಾತನ್ನು ನುಂಗಿಕೊಂಡರು. ಮತ್ತೆ ಮೊಹರು, ಮತ್ತೆ ಹದಿನೈದು ದಿನ. ಛೀ, ನಾನೂ ಒಬ್ಬ ಮನುಷ್ಯನೇ ಅನ್ನಿಸಿತು ಅವರಿಗೆ.

ಆ ದಿನ ಊಟದ ಬಿಡುವಿನಲ್ಲಿ ಹಿಂದಿನ ಕಟ್ಟಡಕ್ಕೆ, ಜೈಲು ವಿಭಾಗದ ಏಳನೆಯ ಕಿಟಕಿಗೆ ಹೋದರು. ಗುಮಾಸ್ತ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿ ಬಿದ್ದುಬಿದ್ದು ನಕ್ಕ.

“ಏನು ಸಾಹೇಬ್ರು ಇಲ್ಲಿಗೆ ದಯಮಾಡಿಸಿಬಿಟ್ರಿ! ನಿಮ್ಮ ಮೊಹರಿಗೆ ಇಲ್ಲಿ ಯಾರ್ರೀ ಬೆಲೆ ಕೊಡ್ತಾರೆ? ಆಯಮ್ಮನ್ನೇ ಕಳ್ಸಿ. ಕಾಗದ ಸರಿಯಿದ್ರೆ ಎರಡೇ ದಿನದ ಕೆಲಸ.”

ಎರಡೇ ದಿನ! ಸಾಹೇಬರು ಗೇಟಿಗೆ ಓಡಿದರು. ಮುದುಕಿ ಹೋಗಿಯಾಗಿತ್ತು. ವಿಳಾಸ ಅರ್ಜಿಯಲ್ಲಿತ್ತು. ಅರ್ಜಿಯನ್ನು ಅವರು ಎರಡು ಸಲವೂ ಓದಿರಲಿಲ್ಲ.

ಅಂದಿನಿಂದ ಪ್ರತಿ ಗುಂಪಿನಲ್ಲೂ ಅವಳ ಮುಖ ಹುಡುಕಿದರು. ಬಂದರೆ ಸಾಕು, ಕೆಲಸ ಹೋದರೆ ಹಾಳಾಗಿ ಹೋಗಲಿ, ಕೈಹಿಡಿದು ಆ ಕಿಟಕಿಗೆ ಕರೆದೊಯ್ಯುತ್ತೇನೆ ಎಂದುಕೊಂಡಿದ್ದರು. ಆದರೆ ಅವಳು ಮಾತಿಗೆ ತಪ್ಪುವವಳಲ್ಲ. ಒಂದು ದಿನ ಹಿಂದೆಯೂ ಇಲ್ಲ, ಮುಂದೆಯೂ ಇಲ್ಲ, ಹೇಳಿದ ದಿನಕ್ಕೆ ಇವತ್ತು ಬಂದಿದ್ದಳು.

ಸಾಹೇಬರು ಕುರ್ಚಿ ಬಿಟ್ಟೆದ್ದರು. ಅಡ್ಡ ಕಟ್ಟಿದ ಕೆಂಪು ಹಗ್ಗವನ್ನು ದಾಟಿ ಬಂದರು. ಗೈಡಮ್ಮನ ಬಾಯಿ ತೆರೆದಂತೆಯೇ ಉಳಿಯಿತು.

“ಅಮ್ಮ, ನನ್ ಜೊತೆ ಬನ್ನಿ. ನಿಮ್ಮ ಕೆಲಸ ಇಲ್ಲಲ್ಲ, ಹಿಂದಿನ ಕಟ್ಟಡದಲ್ಲಿ. ಈಗ್ಲೇ ಹೋಗೋಣ.”

“ಬೇಡ ಸ್ವಾಮಿ.” ಮುದುಕಿ ಕಾಗದವನ್ನು ಮೇಜಿನ ಮೇಲಿಟ್ಟಳು. “ಮಂಗಳವಾರ ಹೋಗ್ಬಿಟ್ಟ.”

ಸಾಹೇಬರು ಕಾಗದದತ್ತ ಚಾಚಿದ ಕೈಯನ್ನು ಹಿಂದಕ್ಕೆಳೆದುಕೊಂಡರು.

“ಬೇರೆ ಯಾರನ್ನಾದ್ರೂ ನೋಡು ಅಂತ ಪಕ್ಕದ ಮನೆಯವಳು ಬಡ್ಕೊಂಡ್ಲು. ಸಾಹೇಬ್ರು ಮಾತು ಕೊಟ್ಟಿದಾರೆ, ಅವರನ್ನ ಮೀರಿ ಹೋಗಬಾರ್ದು ಅಂದೆ. ಕಾಗದ ಮಾಸುತ್ತೆ ಅಂತ ಯಾರಿಗೂ ತೋರಿಸ್ದೆ ಪೆಟ್ಟಿಗೇಲಿ ಇಟ್ಟಿದ್ದೆ. ನೀವು ತಾನೇ ಏನ್ ಮಾಡ್ತೀರಿ, ಅವನ ಹಣೇಲಿ ಬರೆದಿರಲಿಲ್ಲ. ಇಷ್ಟು ದೊಡ್ಡ ಕಟ್ಟಡದಲ್ಲಿ ನನ್ನ ಕಂಡು ಎದ್ದು ನಿಂತೋರು ನೀವೊಬ್ರೇ. ಹೇಳಿ ಹೋಗೋಣ ಅಂತ ಬಂದೆ.”

ಕೈಮುಗಿದಳು. ಬಟ್ಟೆಯ ಚಪ್ಪಲಿ ಎಳೆಯುತ್ತ ಹೊರಟುಹೋದಳು. ಗುಂಪಿನಲ್ಲಿ ಒಬ್ಬಾಕೆ ಕಣ್ಣೊರೆಸಿಕೊಂಡಳು. ಹಿಂದಿನಿಂದ ಯಾರೋ ಚಪ್ಪಾಳೆ ತಟ್ಟಿದರು, ಉಳಿದವರೂ ತಟ್ಟಿದರು.

ಕೋಣೆ ಖಾಲಿಯಾಯಿತು. ಸಾಹೇಬರು ಮೇಜಿನ ಮೇಲೆ ತಲೆಯಿಟ್ಟು ಬಿಕ್ಕಿಬಿಕ್ಕಿ ಅತ್ತರು. ಆಮೇಲೆ ಮಡಿಕೆ ಬಿಚ್ಚಿ ಅರ್ಜಿಯನ್ನು ಮೊದಲ ಸಲ ಓದಿದರು. ಎರಡು ಬೀದಿ ಆಚೆಯ ವಿಳಾಸ.

ಗೈಡಮ್ಮ ಬಾಗಿಲಲ್ಲಿ ಇಣುಕಿದಳು. “ಏಳಿ ಸಾಹೇಬ್ರೇ, ಮುಖ ಸರಿಮಾಡ್ಕೊಳ್ಳಿ. ಮುಂದಿನ ಗುಂಪು ಬಂತು.”

‘ನಿಮ್ಮ ಭೇಟಿಯ ಸವಿನೆನಪಿಗೆ’ ಎಂದು ಎರಡು ಸಲ ಮೊಹರು ಬಿದ್ದಿದ್ದ ಆ ಅರ್ಜಿಯನ್ನು ಅವರು ಜೇಬಿಗಿಟ್ಟುಕೊಂಡರು. ಕಣ್ಣೀರಿಗೆ ಅಂಟು ಬಿಟ್ಟಿದ್ದ ಮೀಸೆಯನ್ನು ತುಟಿಗೆ ಒತ್ತಿಕೊಂಡು, ನೂರಿಪ್ಪತ್ತು ವರ್ಷಗಳ ಹಿಂದೆ ಸತ್ತ ಅಧಿಕಾರಿಯ ವೇಷದಲ್ಲಿ ಮತ್ತೆ ಕುರ್ಚಿಯ ಮೇಲೆ ಕೂತರು.